ಬೋರಲು ಚಮಚ

ಮುಹರ್ರಕ್‌ನ ನಮ್ಮ ಗಲ್ಲಿಯಲ್ಲಿ
ಐದಕ್ಕೇ ಎಚ್ಚರವಿರುವುದು ಮೂವರು:
ಮಸೀದಿಯ ಮೈಕು, ಖುಬ್ಬೂಸಿನ ತಂದೂರು,
ಆಮೇಲೆ ನಾನು.

ಸುಜಯಾಗೆ ಈ ತಿಂಗಳೂ ಆಸ್ಪತ್ರೆಯಲ್ಲಿ ರಾತ್ರಿ ಪಾಳಿ.
ಬರುವುದು ಏಳೂ ಮುಕ್ಕಾಲಿಗೆ.
ಧೃತಿಯ ಶಾಲೆ ಬಸ್ಸು ಆರೂ ಇಪ್ಪತ್ತಕ್ಕೆ,
ನನ್ನ ಕಂಪನಿ ವ್ಯಾನು ಆರೂ ಮೂವತ್ತೈದಕ್ಕೆ.
ಈ ಸಂದಿನಲ್ಲಿ ಎಲ್ಲಾದರೂ ತಿಂಡಿ ಆಗಬೇಕು,
ಅದೂ ಮೈದಾ ಬೇಡ, ಸಕ್ಕರೆ ಬೇಡ,
"ಮಗು ಮಧ್ಯಾಹ್ನದವರೆಗೆ ತಡೆದುಕೊಳ್ಳುವಂಥದ್ದು".
ನರ್ಸಮ್ಮನ ಚೀಟಿ, ಫ್ರಿಜ್ಜಿನ ಮೇಲೆ,
ಹೊತ್ತಿಗೆರಡು ಮಾತ್ರೆ ಎಂದು ಬರೆದ ಹಾಗೆ.

ಆರು ವರ್ಷ ಬ್ಯಾಚುಲರ್ ರೂಮಿನಲ್ಲಿದ್ದವನು ನಾನು.
ಎಂಟು ಜನಕ್ಕೆ ಒಂದು ಒಲೆ.
ಕಲಿತದ್ದು ಎರಡೇ ಅಡುಗೆ:
ಕಡಕ್ ಚಹಾ, ಅದರಲ್ಲಿ ಅದ್ದಿದ ಖುಬ್ಬೂಸು.
ಉದ್ದು ನೆನೆಸಿ, ರುಬ್ಬಿ, ಹುಳಿ ಬರಲೆಂದು ಕಾಯುವುದಕ್ಕೆ
ಮನೆ ಬೇಕು, ಮನೆಯಲ್ಲಿ ಜನ ಬೇಕು.
ಜುಲೈಯಲ್ಲಂತೂ ಹಿಟ್ಟೇ ಕಾಯುವುದಿಲ್ಲ;
ರಾತ್ರಿ ಹತ್ತಕ್ಕಿಟ್ಟರೆ ಎರಡಕ್ಕೆ ಪಾತ್ರೆ ದಾಟಿ
ನೆಲಕ್ಕಿಳಿದು
ಬಾಗಿಲ ಕಡೆ ಹೊರಟಿರುತ್ತದೆ.

ಹಾಗಾಗಿ ಹೆಸರುಕಾಳು.
ಅದಕ್ಕೆ ಇಂಥ ಹಟವಿಲ್ಲ.
ಬೆಳಿಗ್ಗೆ ನೆನೆಹಾಕಿದ್ದು ಸಂಜೆಗೆ ಮೆತ್ತಗಾಗಿರುತ್ತದೆ, ಹಿಡಿ ಅಕ್ಕಿಯ ಜೊತೆ.
ಪುರುಸೊತ್ತಿದ್ದರೆ ಡ್ಯೂಟಿಗೆ ಮೊದಲು ಅವಳೇ ರುಬ್ಬಿಡುತ್ತಾಳೆ,
ಇಲ್ಲದಿದ್ದರೆ ಐದೂ ಕಾಲಿಗೆ ನಾನು:
ಶುಂಠಿ, ಅರ್ಧ ಹಸಿಮೆಣಸು, ದಂಟಿನ ಸಮೇತ ಕೊತ್ತಂಬರಿ,
ಮಿಕ್ಸಿಗೆ ದಪ್ಪ ಟವೆಲು ಸುತ್ತಿ
(ಪಕ್ಕದ ಮನೆಯ ಹಸುಗೂಸು ಏಳಬಾರದು).
ಕಾವಲಿ ಚೊರ್ ಎನ್ನುತ್ತದೆ. ಮೂರು ನಿಮಿಷಕ್ಕೊಂದು.
ಮೇಲೆ ಕ್ಯಾರೆಟ್ ತುರಿದು ಒತ್ತಿದರೆ
ಚೀಟಿಗೂ ಸಮಾಧಾನ.

ತೊಂದರೆ ಬಂದದ್ದು ಉಪ್ಪಿನಲ್ಲಿ.
ಅವಳು ಹಾಕಿರುತ್ತಾಳೆಂದು ನಾನು,
ಅವನು ಹಾಕುತ್ತಾನೆಂದು ಅವಳು.
ಭಾನುವಾರ ಸಪ್ಪೆ.
ಸೋಮವಾರ ಇಬ್ಬರಿಗೂ ಪಶ್ಚಾತ್ತಾಪವಾಗಿ ಸಮುದ್ರ.
ರುಚಿ ನೋಡಬಾರದಿತ್ತೇ ಎನ್ನಬೇಡಿ,
ಐದೂವರೆಗೆ ನಾಲಿಗೆ ಇನ್ನೂ ಮಲಗಿರುತ್ತದೆ.
ಮಂಗಳವಾರ ಧೃತಿ ತಟ್ಟೆ ದೂಡಿ ಅಂದಳು:
"ಮರ್ಯಮ್ ಮನೇಲಿ ಖುಬ್ಬೂಸಿಗೆ ಮಹ್ಯಾವ ಹಚ್ಚಿಕೊಡ್ತಾರೆ.
ನಂಗೂ ಅದೇ ಬೇಕು."

ತಂದೆ. ಕಂದು ಬಾಟಲಿ.
ಬಿರಡೆ ತೆಗೆದದ್ದೇ ತಡ
ಮೀನು, ಸಾಸಿವೆ, ಬಿಸಿಲಲ್ಲಿ ವಾರಗಟ್ಟಲೆ ಕೂತ ಉಪ್ಪು,
ಗಂಗೊಳ್ಳಿಯ ಒಣಮೀನಿನ ಅಂಗಡಿ ಸಾಲೇ
ಅಡುಗೆಮನೆಗೆ ಬಂದು ನಿಂತಿತು.
ನನ್ನಜ್ಜಿ ಇದ್ದಿದ್ದರೆ ಗಂಜಿ ಬಡಿಸಿಕೊಂಡು ಕೂರುತ್ತಿದ್ದಳು.
ಬಿಸಿ ಖುಬ್ಬೂಸು, ಅದರ ಮೇಲೆ ಮೊಟ್ಟೆ ಒಡೆದು ಹರಡಿ,
ನಾಲ್ಕು ಹನಿ ಮಹ್ಯಾವ, ಒಂದು ಸುರುಳಿ.
ಬಸ್ಸಿನ ಮೆಟ್ಟಿಲಲ್ಲೂ ಮಗಳು ಬೆರಳು ನೆಕ್ಕುತ್ತಿದ್ದಳು.
ಮರುದಿನ ಫ್ರಿಜ್ಜಿನ ಮೇಲೆ:
"ಉಪ್ಪು ಜಾಸ್ತಿ. ವಾರಕ್ಕೊಮ್ಮೆ ಸಾಕು.
ನನಗೂ ಒಂದು ಇಡಬೇಕಿತ್ತು."

ಆ ಸಂಜೆ ನಾನು ಶೂ ಬಿಚ್ಚುವಾಗ,
ಅವಳು ಶೂ ಕಟ್ಟುವಾಗ, ಒಂದು ಕರಾರಾಯಿತು.
ಹಿಟ್ಟಿನ ಮುಚ್ಚಳದ ಮೇಲೆ ಚಮಚ:
ಅಂಗಾತವಿದ್ದರೆ ಉಪ್ಪಿಲ್ಲ,
ಬೋರಲಿದ್ದರೆ ಬಿದ್ದಿದೆ.

ಈಗ ಕತ್ತಲಲ್ಲಿ ಫ್ರಿಜ್ಜಿನ ಬಾಗಿಲು ತೆರೆದು
ಮೊದಲು ಚಮಚ ನೋಡುತ್ತೇನೆ.
ಬೋರಲಿದ್ದರೆ, ನಿನ್ನೆ ಅವಳಿಗೆ ಹತ್ತು ನಿಮಿಷ ಸಿಕ್ಕಿತ್ತು.
ಎರಡು ದೋಸೆ ಮುಚ್ಚಿಟ್ಟು, ಪಕ್ಕಕ್ಕೆ ಮೊಸರು, ಶೇಂಗಾ ಪುಡಿ;
ಅವಳು ಮಲಗುವ ಕೋಣೆಯ ಪರದೆ ಎಳೆದು
ಹೊರಡುತ್ತೇನೆ.

ಶುಕ್ರವಾರ ಮೂವರಿಗೂ ರಜೆ.
ಇಡ್ಲಿ ಮಾಡೋಣವೆಂದು ವಾರವಿಡೀ ಮಾತಾಗಿ,
ಹತ್ತಕ್ಕೆ ಎದ್ದು,
ಕೊನೆಗೆ ಅದೇ ಹೆಸರುಕಾಳು.
ಮೊಣಕೈಗೆ ಮೊಣಕೈ ತಾಗುವಷ್ಟು ಹತ್ತಿರ
ನಾನು ಈರುಳ್ಳಿ ಹೆಚ್ಚುತ್ತಿದ್ದೇನೆ.
ಅವಳು ಉಪ್ಪು ಹಾಕಿದಳು, ಕಲಕಿದಳು,
ಮುಚ್ಚಳ ಮುಚ್ಚಿ
ಚಮಚ ಬೋರಲು ಇಟ್ಟಳು.