ನಾಕು ಬೆರಳಿನ ಸಂದು

ಕೂಡು ತಸ್ಲೀಮಾ, ಮಣಿ ಎಳಕೊಂಡು ಕೂಡು.
ಮೊದಲ ದಿನ ಯಾರ ಕೈಗೂ ನಾ ಬೆಂಕಿ ಕೊಡೂದಿಲ್ಲ.
ಮೊದಲು ಈ ಹೊಸ್ತಿಲ ನೋಡು.
ಅರಿಶಿಣ ಹಚ್ಚಿದ ಬೇವಿನ ಹಲಗಿ, ನಟ್ಟನಡುವೆ
ನಾಕು ಬೆರಳು ಅಗಲ ಕೊರದ ಸಂದು.
ಇಲಿ ಕಡಿದದ್ದಲ್ಲ. ನಮ್ಮತ್ತಿ ಕೊರಸಿದ್ದು.

ಮಾನ್ವಿಯ ನಮ್ಮ ಪತ್ತಾರ ಓಣ್ಯಾಗ ಮಂದಿ ಇನ್ನೂ ನಗತಾರ,
ಬಾಗಲಕ್ಕ ಹಲ್ಲು ಬಿದ್ದದ, ಲಕ್ಷ್ಮಿ ಜಾರಿ ಹೋಗತಾಳ ಅಂತ.
ಹೋದ್ರ ಹೋಗಲಿ, ನಾವು ಉಳದ್ರ ತಿರುಗಿ ಬರತಾಳ
ಅಂತಿದ್ಲು ಮೌನವ್ವ, ಎಲಿ ಮಡಚಿಕೋತ.

ಮಾವ ಇದ್ದಾಗ ಇದ್ದಲಿ, ಊದುಗೊಳವಿ.
ಅವರ ಕೆನ್ನಿಗಳೇ ತಿದಿ.
ಇದ್ದಲಿ ಪಾಪ ಸುಳ್ಳು ಹೇಳೂದಿಲ್ಲ,
ಕೆಂಪಾದ್ರ ಕೆಂಪು, ಬೂದಿಯಾದ್ರ ಬೂದಿ.
ಗ್ಯಾಸ್ ಹಂಗಲ್ಲ. ಅದು ನೀರಿನ ಜಾತಿ,
ಇಳಕಲು ಹುಡುಕತದ,
ಮಂಚದ ಕೆಳಗ, ಕಸಬರಿಗಿ ಹಿಂದ.
ಹೊಸ್ತಿಲ ಅಡ್ಡ ಬಂದ್ರ ಒಡ್ಡು ಹಾಕಿದಂಗ ನಿಲ್ಲತದ,
ಕಣ್ಣಿಗೆ ಕಾಣದ ಕೆರಿ, ಮೊಣಕಾಲತನ.

ಆ ವರ್ಷ ಮೇ ತಿಂಗಳು. ಕಾಗಿ ಸೈತ ಬಾಯಿ ಮುಚ್ಚಿತ್ತು.
ಗಾಳಿಗೆ ಉರಿ ಓಲಾಡತದ ಅಂತ ಕಿಟಕಿ ಹಾಕಿದ್ದೆ,
ಸಿಲಿಂಡರ್ ಒಳಗೇ, ಕಾಲ ಹತ್ರ, ಸಾಕಿದ ಬೆಕ್ಕಿನಂಗ.
ನಿಂತು ಕಾಲುಂಗರ ತೂಗತಿದ್ದೆ. ನನ್ನ ಮೂಗಿಗೆ ಏನೂ ಇಲ್ಲ.
ತಂಪು ಅಂತ ಬರೇ ಪರಸಿಕಲ್ಲಿನ ಮ್ಯಾಲೆ ಮಲಗಿದ್ದ ಮೌನವ್ವ
ಒಮ್ಮಿಗೇ ಎದ್ದು ಕೂತ್ಲು.
“ಯವ್ವಾ, ನೆಲ ನಾರಾಕ ಹತ್ತ್ಯದ.”
ಸಂಜಿ ಮಬ್ಬು. ನನ್ನ ಕೈ ಲೈಟಿನ ಬಟನ್ನಿಗೆ ಹೋಗಿತ್ತು.
ಎಂಬತ್ತರ ಮುದುಕಿ ನನ್ನ ಸೆರಗು ಹಿಡಿದು ಜಗ್ಗಿದ್ಲು:
“ಮುಟ್ಟಬ್ಯಾಡ! ಅದರ ಹೊಟ್ಟ್ಯಾಗೂ ಕಿಡಿ ಇರತದ.”
ಸಿಲಿಂಡರಿನ ಕಿವಿ ತಿರುವಿ, ಬಾಗಲಾ ಕಿಟಕಿ ತೆರದು
ಅಂಗಳದಾಗ ಕೂತ್ವಿ.
ಬಾಳ ಹೊತ್ತು ಇಬ್ಬರೂ ಮಾತಾಡಲಿಲ್ಲ.
ಪೈಪಿನಾಗ ಒಂದು ಸೀಳು. ಉಗುರಿನ ಗೆರಿಯಷ್ಟು.

ಮರುದಿನ ಬಡಿಗ್ಯಾರ ಚಂದ್ರಾಮಪ್ಪನ್ನ ಕರಸಿದಾಕಿ ಅಕಿನೇ.
“ಹೊಸ್ತಿಲಕ್ಕ ಉಳಿ ಹಚ್ಚಬಾರದಬೇ” ಅಂದ ಅವ.
“ತಾ ಇಲ್ಲೆ” ಅಂದ್ಲು. ಮೊದಲ ಏಟು ಅಕಿದು.
ಈಗಲೂ ಶುಕ್ರವಾರ ಸಂದಿನ ಎರಡೂ ದಂಡಿಗೆ
ಕುಂಕುಮ ಇಡತೀನಿ, ಬಿಟ್ಟಿಲ್ಲ.

ಸಿಲಿಂಡರ್ ಈಗ ಅಂಗಳದ ನೆರಳಿಗೆ ನಿಂತದ,
ಅದನ್ನ ಎಂದೂ ಮಲಗಸಬ್ಯಾಡ.
ಜೋಡಣಿ ಇದ್ದಲ್ಲೆಲ್ಲ ಸಬಕಾರದ ನೊರಿ ಹಚ್ಚು,
ಗುಳ್ಳಿ ಎದ್ರ ಆ ದಿನ ಕೆಲಸಕ್ಕ ರಜಾ.
ಮಧ್ಯಾಹ್ನದ ಬೆಳಕಿನಾಗ ಉರಿ ಕಾಣೂದಿಲ್ಲ, ನೋಡು ನನ್ನ ಮುಂಗೈ,
ಈ ಕಲಿ ಅದರ ರುಜು.
ಪರಸಿಕಲ್ಲಿಗೆ ಉರಿ ತೋರಸಬ್ಯಾಡ,
ಒಳಗ ಕುಡದ ನೀರು ಸಿಟ್ಟಾಗಿ ಸಿಡಿತದ;
ಬೆಂಕಿ ಇಟ್ಟಂಗಿ ಅದ, ಅದರ ಮ್ಯಾಲೆ ಇಡು.
ಯಾರರ ಅಗ್ಗಕ್ಕ ಕೆಡಿಎಂ ಬೆಸುಗಿ ತಂದ್ರ
ಕೈಮುಗದು ವಾಪಸ್ ಕಳಸು.
ಮಾವ ಕಡೀ ವರ್ಷ ಕೆಮ್ಮಿದ್ದು ಈ ಗ್ವಾಡಿ ಕೇಳ್ಯದ.

ಮುಗಿಸುವಾಗ ಮೊದಲು ಸಿಲಿಂಡರ್, ಆಮ್ಯಾಲೆ ಕೈಯಾಗಿನ ಕಿವಿ.
ಪೈಪಿನಾಗ ಉಳದ ಉಸಿರು
ನೀಲಿ, ಹಳದಿ, ಆಮ್ಯಾಲೆ ಪುಕ್.
ಅದು ಸಾಯೂದು ಕಣ್ಣಾರೆ ನೋಡಿ ಏಳಬೇಕು.
ಎದ್ದು ಅರ್ಧ ತಾಸು ಇಲ್ಲೇ ಇರಬೇಕು, ಚಾ ಕುಡಿ, ಹಾಡು ಹೇಳು,
ಆದ್ರ ಮನಿ ಬಿಟ್ಟು ಹೋಗಬ್ಯಾಡ.

ನಿನ್ನ ಓಢಣಿ ನೈಲಾನ್ ಇದ್ದಂಗದ, ಗೂಟಕ್ಕ ಹಾಕು.
ನನ್ನ ಹತ್ತಿ ವಸ್ತ್ರ ತಲಿಗೆ ಬಿಗಿ.
ಹರದ ಗೆಜ್ಜಿ ತಾ. ಬಿಳಿಗಾರ ಹಚ್ಚು. ಚಿಮಟಿ ಎಡಗೈಗೆ.
ಮೊದಲು ಕಿಡಿ, ಆಮ್ಯಾಲೆ ಗ್ಯಾಸ್, ಎಳ್ಳಷ್ಟೇ...

ಇಲ್ಲ, ನಿಲ್ಲು.
ಒಂದು ಸಲ ನೆಲಕ್ಕ ಮಲಗು.
ಕೆನ್ನಿ ಕಲ್ಲಿಗೆ ಹಚ್ಚಿ ಉಸಿರು ಎಳಕೋ.
ಏನು ವಾಸನಿ?

ಫಿನೈಲಾ?
ಹಂಗಾದ್ರ ಹಚ್ಚು.