ದವಡೆಗೆ ಕೇಳಿಸುವ ಸದ್ದು

ಎಲಿಯಾವಾ ಸಂತೆಯಲ್ಲಿ ಭಾನುವಾರ.
ಹಿಮ ಕರಗಿ ನೆಲವೆಲ್ಲ ಗ್ರೀಸಿನ ಕೆಸರು.
ತಾಡಪಾಲಿನ ಮೇಲೆ ಹರವಿದ್ದಾರೆ
ಸತ್ತ ಕಾರುಗಳ ಕರುಳು, ಕಿವಿ, ಗಂಟಲು:
ಹೋಸ್ ಪೈಪು, ಒಂಟಿ ಕನ್ನಡಿ, ಹಾರನ್ನು.
ನನಗೆ ಇವತ್ತು ಮೊದಲ ಸಂಬಳದ ಮೊದಲ ರಾಚೆಟ್ಟು.

ಜೊತೆಗೆ ಜೆಮಾಲ್. ಅವನಿಗೆ ಕಿವಿ ಮಂದ,
ನಲವತ್ತು ವರ್ಷ ಡೀಸೆಲ್ ಇಂಜಿನ್ನುಗಳ ಪಕ್ಕ
ತಲೆಯಿಟ್ಟು ದುಡಿದವನು.
ಅಂಗಡಿಯವನು ಬೆಲೆ ಹೇಳಿದರೆ ತುಟಿ ನೋಡುತ್ತಾನೆ,
ತುಟಿ ನಂಬಿಕೆಗೆ ಬರದಿದ್ದರೆ ಕೈ.

ನಾನು ಮೊದಲು ಎತ್ತಿಕೊಂಡದ್ದು ಥಳಥಳ ಹೊಳೆಯುವಂಥದ್ದು.
ಅದರೊಳಗೆ ನನ್ನ ಮೂಗು, ತುಂಡು ಮೋಡ,
ಮಾರುವವನ ಚಿನ್ನದ ಹಲ್ಲು.
ಜೆಮಾಲ್ ಕಿತ್ತುಕೊಂಡ.
‘ಇದರಲ್ಲಿ ಮುಖ ನೋಡಿಕೊಂಡು ಗಡ್ಡ ಹೆರೆಯಬಹುದು,
ಬೋಲ್ಟು ಬಿಚ್ಚೋಕಾಗಲ್ಲ.
ಎಣ್ಣೆ ಕೈಗೆ ಈ ನುಣುಪು ಹಾವಿನ ಮರಿ.’

ತಲೆ ದಪ್ಪ ಇರಬಾರದು, ಅಂದ.
ಬೆರಳೇ ಹೋಗದ ಸಂದಿಗೆ ಅದು ಹೋಗಬೇಕು.
ದಿಕ್ಕು ಬದಲಿಸುವ ಕೀಲಿ ಹೆಬ್ಬೆರಳೊಂದಕ್ಕೇ ಒಲಿಯಬೇಕು
ಕತ್ತಲಲ್ಲಿ, ಕೈಗವಸಿನಲ್ಲಿ, ಮಾಲೀಕನ ಬೈಗುಳದ ನಡುವೆ;
ಹಾಗಂತ ಅಂಗಿಯ ತೋಳು ತಾಗಿದರೂ ತಿರುಗಿಬಿಡುವ
ಚಂಚಲ ಬುದ್ಧಿಯದೂ ಬೇಡ.
ಇನ್ನು ಹಲ್ಲು,

ಎಂದವನು ಹಿಡಿಯ ತುದಿಯನ್ನು ತನ್ನ ಹಲ್ಲಲ್ಲೇ ಕಚ್ಚಿ
ಚೌಕದ ಮೂತಿಯನ್ನು ಮೆಲ್ಲಗೆ ತಿರುವಿದ.
ಕಣ್ಣು ಮುಚ್ಚಿದ್ದ.
ಮುದುಕ ಕಬ್ಬಿಣ ತಿನ್ನುತ್ತಾನೆ ಎಂದು ಯಾರೋ ನಕ್ಕರು.
ಉಕ್ಕಿನ ಹಲ್ಲು ಅವನ ಹಲ್ಲಿಗೆ ಚಾಡಿ ಹೇಳುತ್ತಿತ್ತು,
ದವಡೆ ಲೆಕ್ಕ ಇಡುತ್ತಿತ್ತು.

ಒಂದು ನಡುವೆ ಹಲ್ಲು ಹಾರಿಸಿತು. ಕೆಳಗಿಟ್ಟ.
ಇನ್ನೊಂದು ಬಲು ಬಿಗಿ. ‘ಕೈ ಹಿಂದೆ ತಂದಾಗ
ಬೋಲ್ಟನ್ನೂ ಹಿಂದಕ್ಕೆ ಎಳಕೊಂಡು ಬರುತ್ತೆ,
ಸಂಜೆವರೆಗೂ ನಡೆದು ಮನೆ ಮುಂದೇ ನಿಂತ ಹಾಗೆ.’

ಸಾಲಿನ ಕೊನೆಗೆ, ತಂಡಿ ಗೋಡೆಗೆ ಒರಗಿ ತ್ಸಿಯಾಲಾ.
ಗಂಡನ ಪೆಟ್ಟಿಗೆಯನ್ನು ನೀಲಿ ಕಂಬಳಿಯ ಮೇಲೆ ಸುರಿದು ಕೂತಿದ್ದಾಳೆ.
ಅದರಲ್ಲೊಂದು ಹಳೆ ರಾಚೆಟ್ಟು, ಕರಿ, ಭಾರ.
ಹಿಡಿಯ ಮೇಲೆ ಅಚ್ಚೊತ್ತಿದ ಬೆಲೆ:
ಎರಡು ರೂಬಲ್, ನಲವತ್ತು ಕೊಪೆಕ್.
ಇಲ್ಲದ ದೇಶದ ಇಲ್ಲದ ದುಡ್ಡು.
ಅಂಗೈ ಸವೆಸಿದ ಕಡೆ ಅಂಕಿಗಳೂ ಅರ್ಧ.

ಹತ್ತು ಕೊಡಿ ಸಾಕು, ಅಂದಳು.
ಜೆಮಾಲ್ ಕಚ್ಚಿ ನೋಡಿದ. ತುಂಬಾ ಹೊತ್ತು.
ಅಲ್ಲೇ ಕುಕ್ಕರಗಾಲಲ್ಲಿ ಕೂತು ತಲೆ ಬಿಚ್ಚಿದ,
ಒಳಗೆ ಗಟ್ಟಿಯಾದ ಎಣ್ಣೆ, ಮುರಿದ ಸ್ಪ್ರಿಂಗು.
ಜೇಬಿನ ಬಾಲ್‌ಪೆನ್ನು ತೆಗೆದು, ಅದರ ಸ್ಪ್ರಿಂಗು ಕತ್ತರಿಸಿ,
ಕೊಕ್ಕೆಯ ಹಿಂದೆ ಕೂರಿಸಿ, ಉಫ್ ಎಂದು ಊದಿ, ಮುಚ್ಚಿದ.
ಮತ್ತೆ ಕಚ್ಚಿದ.
‘ನಲವತ್ತಕ್ಕೆ ಕಡಿಮೆ ಕೊಡಬೇಡಿ’ ಎಂದು ಅವಳ ಕೈಗಿಟ್ಟ.

ಹಾಗಾದರೆ ನೀವೇ ಒಯ್ಯಿರಿ, ಹತ್ತಕ್ಕೇ, ಅಂದಳು ಅವಳು.
‘ಇಪ್ಪತ್ತನಾಲ್ಕು ಹಲ್ಲಮ್ಮಾ ಇದಕ್ಕೆ.
ತೋಳು ಬೀಸಲು ಜಾಗ ಇದ್ದ ಕಾಲದ್ದು.
ಈ ಹುಡುಗಿಯ ಕಾರುಗಳಲ್ಲಿ ಉಸಿರಾಡಲೂ ಎಡೆಯಿಲ್ಲ.’
ಅವಳು ಅದನ್ನು ಮಡಿಲಲ್ಲಿಟ್ಟುಕೊಂಡು
ಎರಡು ಸಲ ತಿರುವಿದ್ದು ನನಗೆ ಕೇಳಿಸಿತು,
ಅವನಿಗಿಲ್ಲ.

ಕೊನೆಗೆ ಕೊಂಡದ್ದು ಮಂಕು ಬೂದಿ ಬಣ್ಣದ್ದು,
ಡಬ್ಬಿಯಿಲ್ಲ, ಹೆಸರಿಲ್ಲ, ತೈವಾನಿನದಂತೆ.
ಎಪ್ಪತ್ತೆರಡು ಹಲ್ಲು. ಮೂವತ್ತೈದು ಕೊಟ್ಟೆ.

ರಾತ್ರಿ ಮಿತ್ಸುಬಿಷಿಯೊಂದರ ಹೊಟ್ಟೆಯ ಕೆಳಗೆ
ಕಾಣದ ಬೋಲ್ಟು, ಅಲುಗಾಡದ ಮೊಣಕೈ.
ಸಿಕ್ಕಿದ ಜಾಗ ಐದು ಡಿಗ್ರಿ,
ಗಡಿಯಾರದ ಮುಳ್ಳಿಗೆ ಒಂದು ನಿಮಿಷವೂ ಅಲ್ಲ.
ಟಿಕ್.
ಮತ್ತೆ ಹಿಂದೆ ತಂದು, ಟಿಕ್.
ಹಿಡಿಯ ತುದಿ ನನ್ನ ಗಲ್ಲಕ್ಕೆ ತಾಗುತ್ತಿತ್ತು,
ಸರಿಸಲಿಲ್ಲ.

ಆಚೆ ಮೇಜಿನ ಮೇಲೆ ಜೆಮಾಲ್ ಬಿಲ್ಲು ಬರೆಯುತ್ತಿದ್ದ,
ಸ್ಪ್ರಿಂಗಿಲ್ಲದ ಪೆನ್ನಿನ ಕಡ್ಡಿ ಒಳಗೆ ಜಾರದಂತೆ
ಹೆಬ್ಬೆರಳಲ್ಲಿ ಒತ್ತಿ ಹಿಡಿದು.