ಎಡಗಾಲಿನ ಉಕ್ಕು

ಬೈಕು ಬಂತು.
ಬಾಹಿಯಾ ಬ್ಲಾಂಕಾದ ಬಂದರಿನಿಂದ, ಮರದ ಪೆಟ್ಟಿಗೆಯಲ್ಲಿ ಮಲಗಿ,
ವಾರಗಟ್ಟಲೆ ಉಪ್ಪುಗಾಳಿ ಕುಡಿದು
ಇಂಗ್ಲೆಂಡಿನ ಈ ಪೂರ್ವದ ಮೂಲೆಗೆ ಬಂತು.
ಕಸ್ಟಮ್ಸಿನವನು ಮುಚ್ಚಳ ಎಬ್ಬಿಸಿ,
ಎಂಜಿನ್ನಿನ ನಂಬರಿಗೊಂದು ಗುರುತು ಹಾಕಿ
ಸರಿ, ನಡಿ ಅಂದನಂತೆ.
ಓಡಿಸುವ ಹುಡುಗ ಮಾತ್ರ ಅಲ್ಲೇ ಉಳಿದ.

ಹಗಲು ನಾನು ಬಿಸ್ಕತ್ತಿನ ಕಾರ್ಖಾನೆಯಲ್ಲಿ ಸಂಬಳದ ಲೆಕ್ಕದವಳು.
ಸಂಜೆ ಕ್ಲಬ್ಬಿನ ತಗಡಿನ ಶೆಡ್ಡಿನಲ್ಲಿ ಬಿಟ್ಟಿ ಗುಮಾಸ್ತೆ.
ಹತ್ತೊಂಬತ್ತು ವರ್ಷದಲ್ಲಿ ಎಷ್ಟು ಹುಡುಗರನ್ನು
ಕಾಗದದ ಮೇಲೆ ಸಮುದ್ರ ದಾಟಿಸಿದ್ದೇನೆ:
ಝೆಕ್ ಅಣ್ಣತಮ್ಮಂದಿರು, ಲಾಟ್ವಿಯಾದ ಮೌನಿ,
ಒಬ್ಬ ಡೇನ್; ಅವನಿಗೆ ಆಗೆಲ್ಲ ಏನೂ ಬೇಕಿರಲಿಲ್ಲ,
ಬೂಟು ಹೆಗಲಿಗೆ ನೇತುಹಾಕಿ ಹಡಗು ಇಳಿದು ಬರುತ್ತಿದ್ದ.

ಈಗ ಫಾರಂ ಕೇಳುತ್ತದೆ.
ಅಂಕಗಳ ಸರಾಸರಿ ಎಷ್ಟು? ಬ್ಯಾಂಕಿನಲ್ಲಿ ಎಷ್ಟು ದಿನದಿಂದ ಎಷ್ಟು?
ಇಂಗ್ಲಿಷ್ ಬರುತ್ತದೆಯೇ?
ಹೆಲ್ಮೆಟ್ಟಿನೊಳಗೆ ಯಾರ ಜೊತೆ ಮಾತಾಡಬೇಕು ಆನ್ಸೆಲ್ಮೋ?
ಪಾಸ್‌ಪೋರ್ಟಿನಲ್ಲಿ, ಗಾರತೆ ಎಂಬ ಮನೆತನದ ಹೆಸರಿನಲ್ಲಿ
ಒಂದು ಅಕ್ಷರದ ತಲೆಯ ಮೇಲೆ
ಇರುವೆಯಷ್ಟು ಗೀಟು.
ಜನನ ಪತ್ರದಲ್ಲಿ ಅದಿಲ್ಲ.
ಅವತ್ತು ಆ ಊರಿನ ಗುಮಾಸ್ತನ ಪೆನ್ನಿನಲ್ಲಿ ಮಸಿ ಮುಗಿದಿತ್ತೋ,
ಊಟಕ್ಕೆ ಹೊತ್ತಾಗಿತ್ತೋ.
ಹೋದ ವರ್ಷ ಯಾರ ಕಣ್ಣಿಗೂ ಬೀಳದ ಇರುವೆ
ಈ ವರ್ಷ ದಾರಿಗೆ ಅಡ್ಡ ಮಲಗಿದೆ.
ಅರ್ಜಿ ಮೂರು ಸಲ ಹೋಯಿತು, ಮೂರು ಸಲ ಬಂತು,
ಹೋದ ಪುಟ್ಟ, ಬಂದ ಪುಟ್ಟ.

ಹದಿನೇಳನೇ ಪ್ರಶ್ನೆ ನನಗೆ ನಿದ್ದೆ ಕೊಡುವುದಿಲ್ಲ:
ಅವಧಿ ಮುಗಿದ ಮೇಲೆ ಹಿಂದಿರುಗುತ್ತಾನೆಂದು ಏನು ಖಾತ್ರಿ?
ಅಯ್ಯಾ, ಒಂದು ಗುರುವಾರ ಬಂದು ನೋಡಿ.
ಅಡ್ಡಪಟ್ಟಿ ಮೇಲೆ ಹಾರಿದ್ದೇ ನಾಲ್ವರು ನುಗ್ಗುತ್ತಾರೆ,
ಬ್ರೇಕಿಲ್ಲ, ಗೇರು ಒಂದೇ,
ಎಡಕ್ಕೆ, ಎಡಕ್ಕೆ, ಬರೀ ಎಡಕ್ಕೆ,
ನಾಲ್ಕು ಸುತ್ತು, ಒಂದು ನಿಮಿಷ,
ಹೊರಟ ಗೆರೆಗೇ ಬಂದು ಮುಟ್ಟುತ್ತಾರೆ.
ಹೊರಟಲ್ಲಿಗೆ ಮರಳುವುದೇ ಇವರ ಕಸುಬು.
ಇಷ್ಟು ಬರೆಯಲು ಅಲ್ಲಿ ಎರಡು ಇಂಚು ಜಾಗ.
ಹಿಂದಿರುಗುತ್ತಾನೆ, ಅಂತಷ್ಟೇ ಬರೆದೆ.

ಅವನ ಎಡಗಾಲಿನ ಉಕ್ಕಿನ ಅಟ್ಟೆ
ವಿನಿಫ್ರೆಡ್ ಥ್ರೆಲ್‌ಫಾಲ್ ಮನೆಯ ಹಿಂಬಾಗಿಲ ಮೊಳೆಗೆ ತೂಗುತ್ತಿದೆ.
ಇಲ್ಲಿಯೇ ಬೆಸುಗೆ ಹಾಕಿಸಿದ್ದು, ಅವನ ಪಾದದ ಅಳತೆಗೆ.
ತಿರುವಿನಲ್ಲಿ ನೆಲಕ್ಕೆ ಉಜ್ಜಿ ಉಜ್ಜಿ
ಅಂಚು ಹಳೇ ನಾಣ್ಯದಷ್ಟು ಸವೆದಿದೆ.
ಆಕೆ ಅವನ ಕೋಣೆಯನ್ನು ಇನ್ನೂ ಯಾರಿಗೂ ಕೊಟ್ಟಿಲ್ಲ.
ಕೇಳಿದರೆ, ಗೋಡೆಗೆ ಬಣ್ಣ ಹೊಡೆಸಬೇಕು, ಎನ್ನುತ್ತಾಳೆ.

ನಿನ್ನೆ ಗುರುವಾರ.
ಪ್ರೋಗ್ರಾಮಿನಲ್ಲಿ ಅವನ ಹೆಸರು ಅಚ್ಚಾಗಿಬಿಟ್ಟಿತ್ತು; ಸ್ಟ್ಯಾಂಡಿನ ತುಂಬ
ಜನ ಪೆನ್ಸಿಲಿನಿಂದ ಅದನ್ನು ಹೊಡೆದುಹಾಕಿದರು,
ಸಿಟ್ಟಿಲ್ಲದೆ, ಹೊಸಿಲಿನ ಧೂಳು ಒರೆಸುವಂತೆ.
ನೀಲಿ ಹೆಲ್ಮೆಟ್ಟು ಹಾಕಿ ಅವನ ಬದಲಿಗೆ ಓಡಿದವನು
ಹದಿನೇಳರ ಹುಡುಗ, ಪಾಪ, ಎರಡನೇ ತಿರುವಿನಲ್ಲಿ ಬಿದ್ದ.
ಎದ್ದ. ಚಪ್ಪಾಳೆ ತಟ್ಟಿದೆವು.
ನಲವತ್ತೊಂದಕ್ಕೆ ನಲವತ್ತೊಂಬತ್ತು. ಸೋತೆವು.

ಎಲ್ಲ ಹೋದ ಮೇಲೆ ಫೋನು.
ಅಲ್ಲಿನ್ನೂ ಸಂಜೆ ಆರು, ಹಿಂದೆ ಯಾವುದೋ ನಾಯಿ.
ವೀಸಾದ ಸುದ್ದಿ ಅವನು ಕೇಳಲಿಲ್ಲ.
ಮಣ್ಣು ಹೇಗಿತ್ತು ಇವತ್ತು? ಅಂದ.
ಕಂಬಿ ದಾಟಿ ಒಳಗೆ ಹೋದೆ, ಇಷ್ಟು ವರ್ಷದಲ್ಲಿ ಮೊದಲ ಸಲ.
ದೀಪಗಳು ಒಂದೊಂದಾಗಿ ಆರುತ್ತಿದ್ದವು.
ಬಗ್ಗಿ ಒಂದು ಹಿಡಿ ತೆಗೆದು ಹಿಂಡಿದೆ.
ಹೊರಗಡೆ ಸಡಿಲ, ಅಂದೆ. ಒಳಗಡೆ ಗಟ್ಟಿ.
ಎರಡನೇ ತಿರುವು ಇನ್ನೂ ಒದ್ದೆ.
ಆ ಕಡೆ ತುಸು ಹೊತ್ತು ಮಾತಿಲ್ಲ.
ಆಮೇಲೆ,
ಹಾಗಾದರೆ ಅದನ್ನು ಹೊರಗಿನಿಂದ ಹಿಡೀಬೇಕು, ಅಂದ.

ಉಗುರಿನ ಸಂದಿಯ ಕೆಂಪು ಇವತ್ತೂ ಹೋಗಿಲ್ಲ.
ನಾಲ್ಕನೇ ಫಾರಂ ಬರೆಯುತ್ತಿದ್ದೇನೆ. ಅಂಚಿಗೆಲ್ಲ ಮೆತ್ತಿದೆ.